ಬೊಜ್ಜಿನ ಚಿಕಿತ್ಸೆಯಲ್ಲಿ ಎಸ್‌ಎಂಎಸ್: ಪದೇ ಪದೇ ಕೇಳುವ ಪ್ರಶ್ನೆಗಳು

"ಸ್ವಲ್ಪ ತೂಕ ಇಳಿಸ್ಕೊಳ್ಳಿ" ಎಂದು ಡಾಕ್ಟರು ಹೇಳುತ್ತಾರೆ. ಮತ್ತೆ ಅವರನ್ನು ನೋಡುವುದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಎರಡು ಮದುವೆ, ಒಂದು ಹಬ್ಬ, ಕೆಲಸದ ಒತ್ತಡ ಎಲ್ಲಾ ಬಂದು ಹೋಗಿರುತ್ತವೆ. ಈ ನಡುವಿನ ದಿನಗಳಲ್ಲಿ ಮೊಬೈಲ್ ಮೆಸೇಜ್ ಮೂಲಕ ರೋಗಿಯ ಜೊತೆ ಸಂಪರ್ಕ ಇಟ್ಟುಕೊಳ್ಳುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಅದರ ಬಗ್ಗೆ ರೋಗಿಗಳು, ಅವರ ಮನೆಯವರು, ಸಣ್ಣ ಕ್ಲಿನಿಕ್ ನಡೆಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಇದು ದಿನಾ ಬರುವ "ಆರೋಗ್ಯವೇ ಭಾಗ್ಯ" ಮೆಸೇಜ್ ಥರಾನಾ?

ಅಲ್ಲ. ಅಂಥವನ್ನು ಯಾರೂ ಓದುವುದಿಲ್ಲ, ಅಲ್ವಾ? ಇಲ್ಲಿ ಹೇಳುತ್ತಿರುವುದು ಚಿಕಿತ್ಸೆಯ ಭಾಗವಾಗಿ ಬರುವ ಮೆಸೇಜ್. ನಿಮ್ಮ ಡಾಕ್ಟರು ಅಥವಾ ಡಯಟಿಷಿಯನ್ ಜೊತೆ ಕೂತು ಎರಡು ಮೂರು ಗುರಿ ಇಟ್ಟುಕೊಂಡಿರುತ್ತೀರಿ. ಕಾಫಿಗೆ ಸಕ್ಕರೆ ಬಿಡುವುದು, ವಾರಕ್ಕೆ ಐದು ದಿನ ನಡೆಯುವುದು, ಸಂಜೆ ಬೋಂಡಾ ಬಜ್ಜಿ ನಿಲ್ಲಿಸುವುದು, ಇಂಥವು. ಮೆಸೇಜ್ ಆ ಗುರಿಗಳ ಬಗ್ಗೆಯೇ ಕೇಳುತ್ತದೆ. ನೀವು ಒಂದು ಅಂಕಿ ಒತ್ತಿ ಉತ್ತರ ಕಳಿಸುತ್ತೀರಿ. ಆ ಉತ್ತರಕ್ಕೆ ತಕ್ಕ ಮಾತು ವಾಪಸ್ ಬರುತ್ತದೆ.

ಇದು ಬೇಕಾಗಿರುವುದಕ್ಕೆ ಕಾರಣ ಸರಳ. ತೂಕ ಇಳಿಸಲು ಪದೇ ಪದೇ ಭೇಟಿ ಬೇಕು. ಅಮೆರಿಕದ ತಜ್ಞರ ತಂಡವೊಂದು 2018ರಲ್ಲಿ ಊಟ, ವ್ಯಾಯಾಮದ ಮೂಲಕ ತೂಕ ಇಳಿಸುವ ಚಿಕಿತ್ಸೆಗಳನ್ನೆಲ್ಲಾ ಪರಿಶೀಲಿಸಿತು. ಅವುಗಳಲ್ಲಿ ಹೆಚ್ಚಿನವು ಮೊದಲ ವರ್ಷದಲ್ಲೇ 12 ಅಥವಾ ಅದಕ್ಕಿಂತ ಜಾಸ್ತಿ ಭೇಟಿ ಇಟ್ಟುಕೊಂಡಿದ್ದವು. ಹೊರಗೆ ಐವತ್ತು ಜನ ಕಾಯುತ್ತಿರುವ ಕ್ಲಿನಿಕ್ಕಿನಲ್ಲಿ ಅದು ಸಾಧ್ಯವಾ? ಡಾಕ್ಟರಿಗೂ ಬಿಡುವಿಲ್ಲ, ಒಂದು ದಿನದ ಕೂಲಿ ಬಿಟ್ಟು ಬರಬೇಕಾದ ರೋಗಿಗೂ ಆಗುವುದಿಲ್ಲ.

ಬರೀ ಮೆಸೇಜ್ ಬಂದರೆ ತೂಕ ಇಳಿಯುತ್ತಾ?

ಇಳಿದರೂ ಸ್ವಲ್ಪ. ಆ ಸ್ವಲ್ಪವನ್ನೂ ನೆಚ್ಚಿಕೊಳ್ಳುವಂತಿಲ್ಲ.

ಇದನ್ನು ಚೆನ್ನಾಗಿ ತೋರಿಸಿದ್ದು ಬ್ರಿಟನ್ನಿನ "ಗೇಮ್ ಆಫ್ ಸ್ಟೋನ್ಸ್" ಎಂಬ ಅಧ್ಯಯನ. ಬೆಲ್‌ಫಾಸ್ಟ್, ಬ್ರಿಸ್ಟಲ್, ಗ್ಲಾಸ್ಗೋ ಕಡೆಯ 585 ಗಂಡಸರು ಅದರಲ್ಲಿದ್ದರು. ಎಲ್ಲರಿಗೂ ಬೊಜ್ಜು. ಗಂಡಸರನ್ನೇ ಆರಿಸಿದ್ದಕ್ಕೂ ಕಾರಣವಿದೆ: ತೂಕ ಇಳಿಸುವ ಗುಂಪುಗಳಿಗೆ ಅವರು ಬರುವುದೇ ಕಡಿಮೆ. ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಒಂದು ವರ್ಷ ದಿನಾ ಮೆಸೇಜ್. ಇನ್ನೊಂದಕ್ಕೆ ಮೆಸೇಜ್ ಜೊತೆಗೆ ಹಣದ ಆಸೆ. ಮೂರನೆಯದಕ್ಕೆ ಎರಡೂ ಇಲ್ಲ, ಅವರು ಸರದಿಯಲ್ಲಿ ಕಾಯಬೇಕು. 2024ರಲ್ಲಿ ಫಲಿತಾಂಶ ಬಂತು. ವರ್ಷದ ಕೊನೆಗೆ ಮೆಸೇಜ್ ಮತ್ತು ಹಣ ಎರಡೂ ಇದ್ದವರು ಸರಾಸರಿ 4.8% ತೂಕ ಇಳಿಸಿದ್ದರು. ಬರೀ ಮೆಸೇಜ್ ಬಂದವರು 2.7%. ಏನೂ ಇಲ್ಲದವರು 1.3%. ಕೊನೆಯ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಮೆಸೇಜಿನಿಂದಲೇ ಆದದ್ದು ಎಂದು ಗಟ್ಟಿಯಾಗಿ ಹೇಳಲು ಆಗಲಿಲ್ಲ.

ಹಣದ ವಿಷಯ ಸ್ವಾರಸ್ಯವಾಗಿದೆ. "ತೂಕ ಇಳಿಸಿದರೆ ಕೊಡುತ್ತೇವೆ" ಎಂದು ಅಧ್ಯಯನ ನಡೆಸಿದವರು ಹೇಳಲಿಲ್ಲ. 400 ಪೌಂಡ್ ನಿಮ್ಮ ಹೆಸರಿನಲ್ಲಿ ಈಗಲೇ ಇಟ್ಟಿದ್ದೇವೆ, ಗುರಿ ಮುಟ್ಟದಿದ್ದರೆ ಹೋಗುತ್ತದೆ ಎಂದರು. ಮೂರು ತಿಂಗಳಿಗೆ 5%, ಆರು ತಿಂಗಳಿಗೆ 10%, ವರ್ಷದ ಕೊನೆಗೂ ಆ 10% ಉಳಿಸಿಕೊಂಡಿರಬೇಕು. ಬರುವ ದುಡ್ಡಿಗಿಂತ ಕೈತಪ್ಪುವ ದುಡ್ಡು ಜಾಸ್ತಿ ನೋಯಿಸುತ್ತದೆ. ಚೀಟಿ ಹಾಕಿದವರಿಗೆಲ್ಲ ಇದು ಗೊತ್ತು.

ಹಾಗಾದರೆ ಚೆನ್ನಾಗಿ ಕೆಲಸ ಮಾಡಿದ್ದು ಯಾವುದು?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಲಿಯಬೇಕಾದ್ದು ಅಮೆರಿಕದ ನಾರ್ತ್ ಕೆರೋಲಿನಾದ "ಟ್ರ್ಯಾಕ್" ಅಧ್ಯಯನದಿಂದ. ಡ್ಯೂಕ್ ವಿಶ್ವವಿದ್ಯಾಲಯದ ಗ್ಯಾರಿ ಬೆನೆಟ್ ಮತ್ತು ಅವರ ತಂಡ ಇದನ್ನು 2018ರಲ್ಲಿ ಪ್ರಕಟಿಸಿತು. ನಡೆದದ್ದು ದೊಡ್ಡ ಆಸ್ಪತ್ರೆಯಲ್ಲಲ್ಲ, ಬಡವರು ಹೆಚ್ಚಾಗಿ ಬರುವ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ. ಒಟ್ಟು 351 ರೋಗಿಗಳು. ಬೊಜ್ಜಿನ ಜೊತೆ ಬಿಪಿ, ಶುಗರ್ ಅಥವಾ ಕೊಲೆಸ್ಟ್ರಾಲ್ ಇದ್ದವರು.

ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿನ ಏರ್ಪಾಟು ಹೀಗಿತ್ತು. ರೋಗಿ ತನ್ನ ಗುರಿಗಳ ಲೆಕ್ಕವನ್ನು ಫೋನಿನಲ್ಲೇ ಒಪ್ಪಿಸಬೇಕು. ಮೆಸೇಜ್ ಆದರೂ ಸರಿ, ತಾನಾಗಿ ಬರುವ ಧ್ವನಿ ಕರೆ ಆದರೂ ಸರಿ. ಒಪ್ಪಿಸಿದ ಕೂಡಲೇ ಅದಕ್ಕೆ ತಕ್ಕ ಸಲಹೆ ಬರುತ್ತದೆ. ಮನೆಗೆ ಒಂದು ತೂಕದ ಯಂತ್ರ ಕೊಟ್ಟಿದ್ದರು. ಮೇಲೆ ನಿಂತರೆ ಸಾಕು, ಅಂಕಿ ತಾನೇ ಕಂಪ್ಯೂಟರಿಗೆ ಹೋಗುತ್ತದೆ. ಡಯಟಿಷಿಯನ್ ಆಗಾಗ ಫೋನ್ ಮಾಡಿ ಮಾತನಾಡುತ್ತಾರೆ. ಇನ್ನೊಂದು ಮುಖ್ಯ ಅಂಶ: ಈ ವಿವರವೆಲ್ಲ ಡಾಕ್ಟರ ಎದುರಿನ ಕಡತದಲ್ಲೂ ಕಾಣುತ್ತಿತ್ತು. ಮುಂದಿನ ಸಲ ಹೋದಾಗ "ಹೇಗಿದ್ದೀರಿ" ಎಂಬಲ್ಲಿಂದ ಶುರುಮಾಡಬೇಕಾಗಿರಲಿಲ್ಲ. "ಎರಡು ವಾರದಿಂದ ನಡಿಗೆ ತಪ್ಪಿದೆಯಲ್ಲ, ಏನಾಯ್ತು?" ಎಂದೇ ಕೇಳಬಹುದಿತ್ತು.

ಆರು ತಿಂಗಳಿಗೆ ಈ ಗುಂಪಿನ 43% ಜನ ತಮ್ಮ ತೂಕದ 5% ಅಥವಾ ಹೆಚ್ಚು ಇಳಿಸಿದ್ದರು. ಮಾಮೂಲಿ ಚಿಕಿತ್ಸೆಯವರಲ್ಲಿ ಅದು 6% ಮಾತ್ರ. ವರ್ಷದ ಕೊನೆಗೆ 40% ಮತ್ತು 17%. ಎರಡು ಗುಂಪುಗಳ ನಡುವೆ ಸರಾಸರಿ ಸುಮಾರು 4 ಕೆ.ಜಿ. ಅಂತರ ಇತ್ತು. ಲೆಕ್ಕ ಒಪ್ಪಿಸುವುದು, ತೂಕ ನೋಡುವುದು, ಫೋನಿನಲ್ಲಿ ಮಾತನಾಡುವುದು, ಇವನ್ನು ಹೆಚ್ಚು ಕಮ್ಮಿ ತಪ್ಪಿಸದೆ ಮಾಡಿದವರು ಜಾಸ್ತಿ ಇಳಿಸಿದರು.

ಬ್ರಿಟನ್ನಿನಲ್ಲಿ ಮೆಸೇಜ್ ದಿನಾ ಬರುತ್ತಿತ್ತು. ಆದರೂ ಪರಿಣಾಮ ಸಣ್ಣದು. ನಾರ್ತ್ ಕೆರೋಲಿನಾದಲ್ಲಿ ರೋಗಿಯ ಉತ್ತರವನ್ನು ಒಬ್ಬರು ಓದುತ್ತಿದ್ದರು, ಫೋನ್ ಮಾಡುತ್ತಿದ್ದರು. ಊರು ಬೇರೆ, ಜನ ಬೇರೆ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವುದು ಪೂರ್ತಿ ಸರಿಯಲ್ಲ. ಆದರೂ ಕ್ಲಿನಿಕ್ಕಿನಲ್ಲಿ ಇದನ್ನು ಶುರುಮಾಡುವವರು ಮೊದಲು ಕೇಳಿಕೊಳ್ಳಬೇಕಾದ್ದು "ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಯಾವುದು" ಎಂದಲ್ಲ, "ಬಂದ ಉತ್ತರ ಓದುವವರು ಯಾರು" ಎಂದು.

ನಮ್ಮ ದೇಶದಲ್ಲಿ ಯಾರಾದರೂ ಮಾಡಿ ನೋಡಿದ್ದಾರಾ?

ನೋಡಿದ್ದಾರೆ, ಆದರೆ ಬೊಜ್ಜಿಗಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆ ತಡೆಯುವುದಕ್ಕೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ, ಕೆಲಸಕ್ಕೆ ಹೋಗುವ 537 ಗಂಡಸರು. ಎಲ್ಲರಿಗೂ ಮೊದಲು ಊಟ, ವ್ಯಾಯಾಮದ ಸಲಹೆ ಕೊಟ್ಟರು. ಅರ್ಧ ಜನಕ್ಕೆ ಮಾತ್ರ ಎರಡು ವರ್ಷ ಎಸ್‌ಎಂಎಸ್ ಕಳಿಸಿದರು. ಮೆಸೇಜ್ ಬಂದವರಲ್ಲಿ 18% ಜನಕ್ಕೆ ಸಕ್ಕರೆ ಕಾಯಿಲೆ ಬಂತು, ಬಾರದವರಲ್ಲಿ 27% ಜನಕ್ಕೆ.

ಖುಷಿಯ ಸುದ್ದಿಯೇ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಭಾರತ ಮತ್ತು ಬ್ರಿಟನ್ ಸೇರಿಸಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇಂಥದ್ದೇ ಇನ್ನೊಂದು ಅಧ್ಯಯನ ನಡೆಯಿತು. ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. "ಎಸ್‌ಎಂಎಸ್‌ನಿಂದ ಡಯಾಬಿಟಿಸ್ ಮಾಯ" ಎಂಬ ತಲೆಬರಹ ಎಲ್ಲಾದರೂ ಕಂಡರೆ ಈ ಎರಡನೆಯ ಅಧ್ಯಯನವನ್ನೂ ನೆನಪಿಗೆ ತಂದುಕೊಳ್ಳಿ.

ಕೇಂದ್ರ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ 2016ರಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಮೆಸೇಜ್ ಕಳಿಸುವ "ಎಂಡಯಾಬಿಟಿಸ್" ಎಂಬ ಕಾರ್ಯಕ್ರಮ ತಂದಿತ್ತು. ಸೇರಬೇಕಾದರೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕಿತ್ತು. ಖರ್ಚಿಲ್ಲ, ಅರ್ಜಿಯಿಲ್ಲ. ನಮ್ಮ ಜನಕ್ಕೆ ಇದಕ್ಕಿಂತ ಸುಲಭದ ಬಾಗಿಲು ಇನ್ನೊಂದಿಲ್ಲ.

ನನಗೆ ಬೊಜ್ಜು ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ತೂಕವನ್ನು (ಕೆ.ಜಿ.) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 30 ದಾಟಿದರೆ ಬೊಜ್ಜು. ಆದರೆ ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುಗರ್, ಬಿಪಿ ಬರುತ್ತವೆ. ಹಾಗಾಗಿ ನಮ್ಮ ಡಾಕ್ಟರುಗಳು 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎನ್ನುತ್ತಾರೆ. ಎತ್ತರ 160 ಸೆಂ.ಮೀ. ಇದ್ದವರಿಗೆ 25 ಅಂದರೆ 64 ಕೆ.ಜಿ.

ಹೊಟ್ಟೆಯ ಸುತ್ತಳತೆಯನ್ನೂ ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಆಶಾ ಕಾರ್ಯಕರ್ತೆ ಮನೆಗೆ ಬಂದು ಟೇಪು ಹಿಡಿದು ಅಳೆಯುವುದು ಇದನ್ನೇ. ಬೇಸರ ಮಾಡಿಕೊಳ್ಳಬೇಡಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರು, ಗಂಡಸರು ಇಬ್ಬರಲ್ಲೂ ಸುಮಾರು 30% ಜನರ ಬಿಎಂಐ 25 ಅಥವಾ ಅದಕ್ಕಿಂತ ಜಾಸ್ತಿ ಇತ್ತು. ನೀವು ಒಬ್ಬರೇ ಅಲ್ಲ.

5% ಇಳಿದರೆ ಏನು ಮಹಾ? ಕನ್ನಡಿಯಲ್ಲಿ ಕಾಣಲ್ಲವಲ್ಲ!

ಕನ್ನಡಿಯಲ್ಲಿ ಕಾಣದೇ ಇರಬಹುದು, ರಕ್ತದ ರಿಪೋರ್ಟಿನಲ್ಲಿ ಕಾಣುತ್ತದೆ. 80 ಕೆ.ಜಿ. ಇದ್ದವರಿಗೆ 5% ಅಂದರೆ 4 ಕೆ.ಜಿ. ಅಷ್ಟಕ್ಕೇ ಬಿಪಿ, ಶುಗರ್ ಸುಧಾರಿಸುವುದುಂಟು. ಅಮೆರಿಕದಲ್ಲಿ ನಡೆದ ಡಯಾಬಿಟಿಸ್ ತಡೆಯುವ ದೊಡ್ಡ ಅಧ್ಯಯನದಲ್ಲಿ (2002) ಗುರಿ ಇದ್ದದ್ದು 7% ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು. ಆ ದಾರಿ ಹಿಡಿದವರಲ್ಲಿ ಸಕ್ಕರೆ ಕಾಯಿಲೆ ಬರುವುದು 58% ಕಡಿಮೆಯಾಯಿತು.

ಎಷ್ಟು ಮೆಸೇಜ್ ಬಂದರೆ ಸರಿ?

ಒಂದೇ ಉತ್ತರ ಇಲ್ಲ. ಚೆನ್ನೈನಲ್ಲಿ ವಾರಕ್ಕೆ ಎರಡರಿಂದ ನಾಲ್ಕು. ಸಿಡ್ನಿಯಲ್ಲಿ 710 ಹೃದ್ರೋಗಿಗಳಿಗೆ ಆರು ತಿಂಗಳು ವಾರಕ್ಕೆ ನಾಲ್ಕು ಕಳಿಸಿದರು (2015). ಅಲ್ಲಿ ಉತ್ತರ ಕೊಡಬೇಕೆಂದೂ ಇರಲಿಲ್ಲ, ಆದರೂ ಬಿಪಿ, ಕೊಲೆಸ್ಟ್ರಾಲ್, ತೂಕ ಮೂರೂ ಸ್ವಲ್ಪ ಇಳಿದವು, ಬೀಡಿ ಸಿಗರೇಟು ಬಿಟ್ಟವರೂ ಜಾಸ್ತಿ. ಆಗಷ್ಟೇ ಹೃದಯದ ತೊಂದರೆ ಕಂಡವರಿಗೆ ಭಯವೂ ಇರುತ್ತದೆ, ಕಿವಿಯೂ ತೆರೆದಿರುತ್ತದೆ ಎಂದು ನನಗನಿಸುತ್ತದೆ. ಬೊಜ್ಜೊಂದೇ ಇರುವವರಿಗೆ ಅಷ್ಟು ಅವಸರ ಅನಿಸುವುದಿಲ್ಲ.

ವಾರಕ್ಕೊಮ್ಮೆ ಉತ್ತರ ಕೇಳುವ ಒಂದು ಮೆಸೇಜ್, ನಡುವೆ ಒಂದೆರಡು ಸಲಹೆ. ಶುರುವಿಗೆ ಇಷ್ಟು ಸಾಕು.

ಕನ್ನಡದಲ್ಲಿ ಕಳಿಸುವಾಗ ಏನು ಗಮನಿಸಬೇಕು?

ಕ್ಲಿನಿಕ್ಕಿನವರು ಮೊದಲು ಎಡವುವುದು ಇಲ್ಲೇ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡ ಯೂನಿಕೋಡ್‌ನಲ್ಲಿ ಹೋಗುವುದರಿಂದ 70 ಮಾತ್ರ. ಅದಕ್ಕೂ ಒಂದು ಪೇಚಿದೆ. ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. "ಷ್ಟು" ಕಣ್ಣಿಗೆ ಒಂದೇ ಅಕ್ಷರ, ಫೋನಿಗೆ ನಾಲ್ಕು. 70 ದಾಟಿದರೆ ಮೆಸೇಜ್ ತುಂಡಾಗುತ್ತದೆ, ಪ್ರತಿ ತುಂಡಿಗೂ ದುಡ್ಡು.

ಹಾಗಾಗಿ ಹೀಗೆ ಬರೆಯಿರಿ:

"ಈ ವಾರ ಎಷ್ಟು ದಿನ ನಡೆದಿರಿ? 0-7 ಅಂಕಿ ಕಳಿಸಿ."

ಇದು ಖಾಲಿ ಜಾಗ ಸೇರಿಸಿ 40. ಕ್ಲಿನಿಕ್ಕಿನ ಹೆಸರಿಗೂ ಜಾಗ ಉಳಿಯಿತು. ಇದನ್ನೇ "ನಿಯಮಿತ ದೈಹಿಕ ಚಟುವಟಿಕೆಯಲ್ಲಿ ತೊಡಗಿಸಿಕೊಂಡಿರುವಿರಾ" ಎಂದು ಬರೆದರೆ ದುಡ್ಡೂ ಜಾಸ್ತಿ, ಓದುವವರೂ ಕಡಿಮೆ.

ಹಳೇ ಬಟನ್ ಫೋನುಗಳಲ್ಲಿ ಕನ್ನಡ ಡಬ್ಬಿ ಡಬ್ಬಿಯಾಗಿ ಕಾಣಬಹುದು. ಸೇರಿಸಿಕೊಳ್ಳುವ ದಿನವೇ ಒಂದು ಮೆಸೇಜ್ ಕಳಿಸಿ, ಅವರ ಫೋನಿನಲ್ಲಿ ಓದಿಸಿ ನೋಡಿ.

ಯಾವ ಧಾಟಿಯಲ್ಲಿ ಬರೆಯಬೇಕು?

ಬೈಯಬಾರದು, ಹೆದರಿಸಬಾರದು, ನಗಿಸಲು ಹೋಗಿ ನೋಯಿಸಬಾರದು. ದಪ್ಪಗಿರುವವರು ಮನೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಆಗಲೇ ಬೇಕಾದಷ್ಟು ಕೇಳಿಸಿಕೊಂಡಿರುತ್ತಾರೆ. "ಈ ವಾರವೂ ತೂಕ ಇಳಿಯಲಿಲ್ಲವೇ?" ಎಂಬ ಒಂದು ಮೆಸೇಜ್ ಬಂದರೆ ಮುಂದಿನ ವಾರ ಉತ್ತರ ಬರುವುದಿಲ್ಲ. ತೂಕಕ್ಕಿಂತ ಮಾಡಿದ ಕೆಲಸದ ಬಗ್ಗೆ ಕೇಳಿ. ನಡೆಯುವುದು, ಎಣ್ಣೆ ಕಡಿಮೆ ಮಾಡುವುದು ಕೈಯಲ್ಲಿರುವ ವಿಷಯ. ತೂಕದ ಮುಳ್ಳು ಉಪ್ಪು ತಿಂದರೂ ಏರುತ್ತದೆ, ಮುಟ್ಟಿನ ದಿನಗಳಲ್ಲೂ ಏರುತ್ತದೆ.

ಊಟದ ಸಲಹೆ ಅವರ ಅಡುಗೆಮನೆಯದ್ದೇ ಇರಲಿ. ಸಿಂಧನೂರಿನವರಿಗೆ ಓಟ್ಸ್, ಬ್ರೊಕೊಲಿ ಎಂದು ಕಳಿಸಿ ಏನು ಪ್ರಯೋಜನ? ಅನ್ನ ಒಂದು ಸೌಟು ಕಡಿಮೆ, ಪಲ್ಯ ಒಂದು ಸೌಟು ಜಾಸ್ತಿ. ಟೀ ಜೊತೆ ಬಿಸ್ಕತ್ತು ಬೇಡ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ ಎಂದು ಕೇಳಿ, ಬಹಳ ವಿಷಯ ಹೊರಗೆ ಬರುತ್ತದೆ. ಮುದ್ದೆ ಒಳ್ಳೆಯದೇ, ಆದರೆ ರಾಗಿ ಎಂದ ಮಾತ್ರಕ್ಕೆ ಎರಡು ಮುದ್ದೆ ಲೆಕ್ಕಕ್ಕಿಲ್ಲ ಎಂದಲ್ಲ. ಈ ಮಾತಿಗೆ ಹಳೇ ಮೈಸೂರು ಕಡೆಯವರು ನನ್ನನ್ನು ಕ್ಷಮಿಸಬೇಕು.

ಮೆಸೇಜ್ ಕಳಿಸುವ ವ್ಯವಸ್ಥೆಗೆ ಒಂದು ಹೆಸರಿಟ್ಟರೂ ಚೆನ್ನ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇಂಥ ವ್ಯವಸ್ಥೆಯ ಹೆಸರು "ಆನಿ". ಪರ್ಲ್ ಹಾರ್ಬರ್ ದಾಳಿಯ ಸಮಯದಲ್ಲಿ ಸೇವೆ ಮಾಡಿದ ಸೇನಾ ನರ್ಸ್ ಆನಿ ಫಾಕ್ಸ್ ಅವರ ನೆನಪಿಗೆ.

ಎಲ್ಲರ ಹತ್ತಿರ ವಾಟ್ಸ್ಯಾಪ್ ಇದೆಯಲ್ಲ, ಎಸ್‌ಎಂಎಸ್ ಯಾಕೆ?

ವಾಟ್ಸ್ಯಾಪ್ ಇದ್ದವರಿಗೆ ಅದೇ ಅನುಕೂಲ. ಫೋಟೋ, ಧ್ವನಿ ಎಲ್ಲಾ ಕಳಿಸಬಹುದು, 70ರ ತಲೆಬಿಸಿಯೂ ಇಲ್ಲ. ಆದರೆ ಎಸ್‌ಎಂಎಸ್ ಡೇಟಾ ಇಲ್ಲದೆಯೂ ಬರುತ್ತದೆ, ಬಟನ್ ಫೋನಿಗೂ ಬರುತ್ತದೆ. ಒಂದು ಎಚ್ಚರಿಕೆ: ರೋಗಿಗಳನ್ನೆಲ್ಲ ಒಂದೇ ವಾಟ್ಸ್ಯಾಪ್ ಗ್ರೂಪಿಗೆ ಸೇರಿಸಬೇಡಿ. ಒಬ್ಬರ ನಂಬರ್, ಒಬ್ಬರ ತೂಕ ಊರಿಗೆಲ್ಲ ಗೊತ್ತಾಗುತ್ತದೆ. ಎರಡನೇ ದಿನಕ್ಕೆ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳೂ ಶುರುವಾಗುತ್ತವೆ.

ಓದಲು ಬಾರದವರಿಗೆ?

ಧ್ವನಿ ಕರೆ. ಗ್ಯಾರಿ ಬೆನೆಟ್ ತಂಡದ್ದೇ ಇನ್ನೊಂದು ಅಧ್ಯಯನದಲ್ಲಿ (2013) ಕಪ್ಪು ಮಹಿಳೆಯರಿಗೆ ವಾರಕ್ಕೊಂದು ಧ್ವನಿ ಕರೆ ಹೋಗುತ್ತಿತ್ತು, ಅವರು ಫೋನಿನ ಅಂಕಿ ಒತ್ತಿ ಉತ್ತರಿಸುತ್ತಿದ್ದರು. ಅಲ್ಲಿ ಗುರಿಯೂ ಬೇರೆ: ತೂಕ ಇಳಿಸುವುದಲ್ಲ, ಇನ್ನು ಏರದಂತೆ ನೋಡಿಕೊಳ್ಳುವುದು. ಎಷ್ಟೋ ಜನಕ್ಕೆ ಇದೇ ಸರಿಯಾದ ಮೊದಲ ಗುರಿ. ನಮ್ಮಲ್ಲೂ ಗರ್ಭಿಣಿ, ಬಾಣಂತಿಯರಿಗೆ "ಕಿಲ್ಕಾರಿ" ಎಂಬ ಸರ್ಕಾರಿ ಧ್ವನಿ ಸಂದೇಶದ ಸೇವೆ ಇದೆ, ಅಂದರೆ ದಾರಿ ಹೊಸದೇನಲ್ಲ.

ಫೋನ್ ನನ್ನದಲ್ಲ, ಮಗನದ್ದು. ಆಗುತ್ತಾ?

ಆಗುತ್ತದೆ, ಆದರೆ ಮೊದಲೇ ಹೇಳಿ. ಅದೇ 2019–21ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ಸುಮಾರು 54% ಮಾತ್ರ. ಉಳಿದವರ ಮೆಸೇಜ್ ಗಂಡನೋ ಮಗನೋ ಓದುತ್ತಾನೆ. ಕೆಲವರಿಗೆ ಅದರಿಂದ ಅನುಕೂಲ, ಮನೆಯವರೇ ನೆನಪಿಸುತ್ತಾರೆ. ಕೆಲವರಿಗೆ ಮುಜುಗರ. ಹಾಗಾಗಿ ಮೆಸೇಜಿನಲ್ಲಿ ತೂಕ, ಕಾಯಿಲೆಯ ಹೆಸರು ಬರೆಯದಿರುವುದೇ ಒಳ್ಳೆಯದು.

ರೋಗಿ ಉತ್ತರ ಕೊಡುವುದನ್ನೇ ನಿಲ್ಲಿಸಿದರೆ?

ನಿಲ್ಲಿಸುತ್ತಾರೆ. ಮೊದಲ ತಿಂಗಳ ಹುರುಪು ಮೂರನೇ ತಿಂಗಳಿಗೆ ಇರುವುದಿಲ್ಲ. ಎರಡು ವಾರ ಉತ್ತರ ಬಾರದಿದ್ದರೆ ಇನ್ನೊಂದು ಮೆಸೇಜ್ ಕಳಿಸಬೇಡಿ, ಫೋನ್ ಮಾಡಿ. ಬಹಳ ಸಲ ಕಾರಣ ಸೋಮಾರಿತನ ಆಗಿರುವುದಿಲ್ಲ. ಸಿಮ್ ಬದಲಾಗಿರುತ್ತದೆ, ಮನೆಯಲ್ಲಿ ಯಾರಿಗೋ ಹುಷಾರಿರುವುದಿಲ್ಲ, ಮಂಡಿ ನೋವು ಶುರುವಾಗಿರುತ್ತದೆ. ಮಂಡಿ ನೋವಿರುವವರಿಗೆ "ನಡೆಯಿರಿ" ಎಂದು ವಾರ ವಾರ ಮೆಸೇಜ್ ಹೋಗುತ್ತಿದ್ದರೆ ಅವರಿಗೆ ಸಿಟ್ಟು ಬರುವುದು ಸಹಜ.

ಪಿಎಚ್‌ಸಿಯಲ್ಲಿ ಡಯಟಿಷಿಯನ್ ಎಲ್ಲಿಂದ ತರೋದು?

ನ್ಯಾಯವಾದ ಪ್ರಶ್ನೆ. ನಾರ್ತ್ ಕೆರೋಲಿನಾದ ಏರ್ಪಾಟನ್ನು ಇದ್ದ ಹಾಗೇ ಇಲ್ಲಿಗೆ ತರಲು ಆಗುವುದಿಲ್ಲ. ಆದರೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಇದ್ದಾರೆ. 30 ವರ್ಷ ದಾಟಿದವರ ಬಿಪಿ, ಶುಗರ್ ತಪಾಸಣೆ ಹೇಗೂ ನಡೆಯುತ್ತಿದೆ. ಕೋಲಾರದಲ್ಲಿ 2024ರಲ್ಲಿ ಶುರುವಾದ "ಗೃಹ ಆರೋಗ್ಯ" ಯೋಜನೆಯಲ್ಲಿ ಸಿಬ್ಬಂದಿ ಮನೆ ಬಾಗಿಲಿಗೇ ಹೋಗಿ ಪರೀಕ್ಷಿಸುತ್ತಾರೆ. ರೋಗಿಯನ್ನು ಗುರುತಿಸುವ ಕೆಲಸ ಆಗುತ್ತಿದೆ, ಆಮೇಲಿನ ಸಂಪರ್ಕ ತೆಳುವಾಗಿದೆ.

ಇಪ್ಪತ್ತು ರೋಗಿಗಳಿಂದ ಶುರುಮಾಡಿ. ವಾರಕ್ಕೆ ಒಂದು ಗಂಟೆ ಉತ್ತರ ಓದುವುದಕ್ಕೆ, ಇನ್ನೊಂದು ಗಂಟೆ ಫೋನ್ ಮಾಡುವುದಕ್ಕೆ ಎತ್ತಿಡಿ. ಎಸ್‌ಎಂಎಸ್‌ನ ಖರ್ಚು ಪೈಸೆ ಲೆಕ್ಕದ್ದು, ನಿಜವಾದ ಖರ್ಚು ಈ ಎರಡು ಗಂಟೆ. ಆಗಲೇ ಹತ್ತಾರು ರಿಜಿಸ್ಟರ್ ತುಂಬುತ್ತಿರುವವರ ತಲೆಗೆ ಇದನ್ನೂ ಸುಮ್ನೆ ಹೊರಿಸಿದರೆ ಇದೂ ಒಂದು ರಿಜಿಸ್ಟರ್ ಆಗುತ್ತದೆ, ಅಷ್ಟೇ.

ಶುಗರ್ ಮಾತ್ರೆ ತಗೋತೀನಿ. ಮೆಸೇಜ್ ಹೇಳಿದ ಹಾಗೆ ಊಟ ಕಡಿಮೆ ಮಾಡಬಹುದಾ?

ಡಾಕ್ಟರನ್ನು ಕೇಳದೆ ಬೇಡ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಊಟ ಕಡಿಮೆ ಮಾಡಿದರೆ ಶುಗರ್ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ತಕ್ಷಣ ಸಕ್ಕರೆ ಅಥವಾ ಸಿಹಿ ಪಾನಕ ತೆಗೆದುಕೊಂಡು ಆಸ್ಪತ್ರೆಗೆ ತಿಳಿಸಿ. ಬಸುರಿಯರು ತೂಕ ಇಳಿಸುವ ಗೋಜಿಗೆ ಹೋಗಬಾರದು. ಪ್ರಯತ್ನವೇ ಮಾಡದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷಪಡುವ ವಿಷಯವಲ್ಲ, ತಪಾಸಣೆ ಮಾಡಿಸಿ. ಎದೆನೋವು, ಉಸಿರಾಟದ ತೊಂದರೆಗೆ ಮೆಸೇಜ್ ಕಳಿಸಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಲ್ಲ?

ಬಂದಿದೆ. 2025ರಲ್ಲಿ ಮೌಂಜಾರೊ, ವೆಗೋವಿ ಎರಡೂ ಭಾರತದ ಮಾರುಕಟ್ಟೆಗೆ ಬಂದವು. ಅವುಗಳ ಪರಿಣಾಮ ಯಾವ ಎಸ್‌ಎಂಎಸ್‌ಗಿಂತಲೂ ಬಹಳ ಜಾಸ್ತಿ. ಆದರೆ ಡಾಕ್ಟರ ಚೀಟಿ ಬೇಕು, ವಾಂತಿ, ವಾಕರಿಕೆ ಕಾಟ ಕೊಡಬಹುದು, ನಿಲ್ಲಿಸಿದರೆ ತೂಕ ಮತ್ತೆ ಏರುವುದು ಸಾಮಾನ್ಯ. ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ "ಈ ವಾರ ವಾಕರಿಕೆ ಹೇಗಿದೆ?" ಎಂದು ಕೇಳುವ ಒಂದು ಮೆಸೇಜ್ ಉಪಯೋಗಕ್ಕೆ ಬರುತ್ತದೆ.

ಮೆಸೇಜ್ ಅಸಲಿಯೋ ಮೋಸದ್ದೋ ತಿಳಿಯುವುದು ಹೇಗೆ?

ನೀವಾಗಿ ಸೇರದ ಕಾರ್ಯಕ್ರಮದಿಂದ ಮೆಸೇಜ್ ಬಂದರೆ ಅನುಮಾನಪಡಿ. ನಮ್ಮ ದೇಶದಲ್ಲಿ ಸಂಸ್ಥೆಗಳು ಒಟ್ಟಿಗೆ ಮೆಸೇಜ್ ಕಳಿಸಬೇಕಾದರೆ ತಮ್ಮ ಹೆಸರು, ಮೆಸೇಜಿನ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಬೇಕು. ಅಂಥವು ಹತ್ತಂಕಿಯ ನಂಬರಿನಿಂದ ಬರುವುದಿಲ್ಲ. ಒಟಿಪಿ ಕೇಳಿದರೆ, ಲಿಂಕ್ ಒತ್ತಿ ಎಂದರೆ, "30 ದಿನದಲ್ಲಿ 15 ಕೆ.ಜಿ." ಎಂದರೆ ಅಳಿಸಿ ಹಾಕಿ. ಕ್ಲಿನಿಕ್ಕಿನವರೂ ಅಷ್ಟೇ, ಲಿಂಕ್ ಕಳಿಸುವ ಅಭ್ಯಾಸವೇ ಬೇಡ.

ಬೇಡ ಅನಿಸಿದರೆ ನಿಲ್ಲಿಸಬಹುದಾ?

ಯಾವಾಗ ಬೇಕಾದರೂ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಸೇರುವಾಗಲೇ ಯಾವ ಅಂಕಿ ಕಳಿಸಿದರೆ ನಿಲ್ಲುತ್ತದೆ ಎಂದು ಕೇಳಿಟ್ಟುಕೊಳ್ಳಿ. ಮೆಸೇಜ್ ನಿಲ್ಲಿಸಿದರೆ ಚಿಕಿತ್ಸೆ ನಿಲ್ಲುವುದಿಲ್ಲ, ಮುಂದಿನ ತಾರೀಖಿಗೆ ಎಂದಿನಂತೆ ಕ್ಲಿನಿಕ್ಕಿಗೆ ಹೋಗಿ.